ಕಟಿಂಗ್ ಮಾಸ್ತರರ ಅರ್ಧ ಬೀದಿ

ಮಾಸ್ತರರಿಗೆ ಅನುಮಾನ ಅನ್ನೋದು ಕಾಯಿಲೆಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ನಡೆದದ್ದಕ್ಕೆಲ್ಲ ಆ ಕಾಯಿಲೆಯೊಂದನ್ನೇ ಬೈದುಕೊಂಡು ಕೂರಬೇಕಾಗುತ್ತದೆ.

ಟೇಪನ್ನೂ ನಂಬದ ಮನುಷ್ಯ. ಎದೆಯ ಅಳತೆ ತೆಗೆದು ಬರೆದುಕೊಂಡು, ಗಿರಾಕಿ ಬಾಗಿಲು ದಾಟುವಷ್ಟರಲ್ಲಿ "ಸ್ವಾಮೀ, ಒಂದ್ನಿಮಿಷ" ಅಂತ ಕರೆದು ಇನ್ನೊಮ್ಮೆ ಅಳೆಯೋರು. "ಆಗಲೇ ಉಸಿರು ಬಿಗಿ ಹಿಡಿದಿದ್ರಿ ಅಲ್ವಾ?" ಅಂತ ಬೇರೆ ಕೇಳೋರು. ಗುಂಡಿಯ ಡಬ್ಬದ ಮೇಲೆ ನೂರನಲವತ್ತನಾಲ್ಕು ಎಂದು ಅಚ್ಚಾಗಿದ್ದರೂ ಮೇಜಿನ ಮೇಲೆ ಸುರಿದು ಎಣಿಸೋರು. ಎಣಿಸಿ ನೂರನಲವತ್ತನಾಲ್ಕೇ ಬಂದರೆ ಸಮಾಧಾನ ಪಡುತ್ತಿದ್ದರಾ? ಊಹೂಂ. "ಈ ಸಲ ಸರಿ ಇದೆ, ಯಾಕೋ ಗೊತ್ತಿಲ್ಲ" ಅನ್ನೋರು. ಮದುವೆಯಾದ ಹೊಸದರಲ್ಲಿ ಹೆಂಡತಿ "ನೀವಂದ್ರೆ ನಂಗೆ ಇಷ್ಟ" ಅಂದಾಗ "ಯಾಕೆ, ಏನು ಬೇಕಿತ್ತು?" ಅಂದಿದ್ದರಂತೆ. ಆಕೆ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಕಬ್ಬಿಣದ ಸಾಮಾನಿನ ಅಂಗಡಿಯ ಮಹಡಿ ಮೇಲೆ ಅವರ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಕಿಟಕಿಯ ಕಡೆ ಆರು ಹೊಲಿಗೆ ಮೆಷಿನ್ನು, ಮೂಲೆಯಲ್ಲೊಂದು ಇಸ್ತ್ರಿ ಮೇಜು, ನಡುವೆ ಹದಿನಾರು ಅಡಿಯ ಕಟಿಂಗ್ ಮೇಜು. ಶಾಲೆಗಳ ಸಮವಸ್ತ್ರವೇ ಮುಖ್ಯ ಕೆಲಸ. ಹೊಲಿಯೋರು ಆರು ಜನ ಹೆಂಗಸರು, ಕತ್ತರಿಸೋರು ಮಾಸ್ತರರೊಬ್ಬರೇ. ನಲವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ದುಂಡಗಿನ ಅಲಗಿನ ಕರೆಂಟ್ ಮೆಷಿನ್ನನ್ನು ಆ ಗೆರೆಯ ಮೇಲೆ ನಡೆಸಬೇಕು. ಗೆರೆ ತಪ್ಪಿದರೆ ನಲವತ್ತು ಮಕ್ಕಳ ಅಂಗಿ ಒಂದೇ ಏಟಿಗೆ ಕೆಟ್ಟ ಹಾಗೆ. ಪದರ ಜಾರದಂತೆ ಅಂಗೈ ಒತ್ತಿ ಹಿಡಿಯೋಕೆ ಇನ್ನೊಬ್ಬ ಬೇಕು. ಅವನು ಯಾವಾಗಲೂ ಮಾಸ್ತರರ ಎಡಕ್ಕೇ ನಿಲ್ಲಬೇಕು, ಅದು ಮಾಸ್ತರರೇ ಮಾಡಿದ ಕಾನೂನು. ಹತ್ತೊಂಬತ್ತು ವರ್ಷದಿಂದ ಆ ಜಾಗದಲ್ಲಿ ನಿಂತವನು ಹೆಂಡತಿಯ ತಮ್ಮ.

ಮೂರು ತಿಂಗಳ ಹಿಂದೆ ಒಂದು ಬೆಳಗ್ಗೆ ಮಾಸ್ತರರು ಆ ಮೇಜಿನ ಮುಂದೆಯೇ ಕುಸಿದರು. ಸ್ಟ್ರೋಕ್. ಮೆದುಳಿನ ಬಲಭಾಗಕ್ಕೆ ರಕ್ತ ಹೋಗೋದು ನಿಂತಿತ್ತು. ಸೋತಿದ್ದ ಎಡಗೈ ಎಡಗಾಲು ಎರಡೇ ವಾರದಲ್ಲಿ ಸುಧಾರಿಸಿಕೊಂಡವು. ಮಾತು ಹೋಗಲೇ ಇಲ್ಲ. ನಾಲ್ಕು ದಿನವಾದರೂ ಹೋಗಿದ್ದರೆ ಎಷ್ಟೋ ಜನ ನೆಮ್ಮದಿಯಾಗಿರುತ್ತಿದ್ದರು.

ಹೋದದ್ದು ಬೇರೆ. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಣ್ಣು ಸರಿ ಇದೆ, ಆದರೆ ಎಡಗಡೆ ಅಂತೊಂದು ಇದೆ ಅನ್ನೋದನ್ನೇ ಮೆದುಳು ಗಮನಕ್ಕೆ ತಗೊಳ್ತಿಲ್ಲ. ಕಾಣದೇ ಇರೋದು ಕಾಣ್ತಿಲ್ಲ ಅಂತಲೂ ಅವರಿಗೆ ಗೊತ್ತಾಗಲ್ಲ. "ನೀವು ಅವರ ಎಡಗಡೆನೇ ಕೂತ್ಕೊಳ್ಳಮ್ಮ, ಎಡಗಡೆಯಿಂದಾನೇ ಮಾತಾಡ್ಸಿ. ಆ ಕಡೆ ತಿರುಗೋದು ರೂಢಿಯಾಗಲಿ" ಅಂದರು.

ಮಾಸ್ತರರು ಹೊರಗೆ ಬಂದವರೇ ನಕ್ಕರು. "ನಂಗೆ ಎಡಗಡೆ ಇಲ್ವಂತೆ! ಇಂಥವರಿಗೂ ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಬಿಟ್ಟಿದ್ದಾರಲ್ಲ."

ನಕ್ಕು ಮನೆಗೆ ಬಂದರು, ಮನೆಯಲ್ಲಿ ನಗೋ ಹಾಗಿರಲಿಲ್ಲ. ಹೆಂಡತಿ ತಟ್ಟೆಗೆ ಅರ್ಧ ಊಟ ಬಡಿಸುತ್ತಿದ್ದಾಳೆ ಅನ್ನೋದು ಮೊದಲ ದಿನವೇ ಅವರಿಗೆ ಗೊತ್ತಾಯಿತು. ಅನ್ನ ಇದೆ, ಮೊಟ್ಟೆ ಇಲ್ಲ. "ಮೊಟ್ಟೆ ಎಲ್ಲೇ?" ಅಂದರೆ ಆಕೆ ಮಾತಿಲ್ಲದೆ ತಟ್ಟೆಯನ್ನು ಒಂದು ಸುತ್ತು ತಿರುಗಿಸುತ್ತಿದ್ದಳು, ತಕ್ಷಣ ಮೊಟ್ಟೆ ಹಾಜರು. ಅಂದರೆ ಕೇಳಿದರೆ ಮಾತ್ರ ಬಡಿಸ್ತಾಳೆ, ಕೇಳದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಆಮೇಲೆ ಆಕೆ ಎದುರಿಗೆ ಬರೋದನ್ನೇ ಬಿಟ್ಟಳು. ಸಂಜೆ ಹೊತ್ತು ಮಂಚದ ಮೇಲೆ ಕೂತರೆ ಆಕೆಯ ದನಿ ಕೇಳಿಸುತ್ತಿತ್ತು, "ಮಾತ್ರೆ ತಗೊಂಡ್ರಾ? ಕಾಲು ಒತ್ತಲಾ?" ಅಂತ. ಮಾಸ್ತರರು ಬಲಕ್ಕೆ ತಿರುಗಿದರೆ ಖಾಲಿ ಗೋಡೆ, ಇನ್ನೂ ಬಲಕ್ಕೆ ತಿರುಗಿದರೆ ಬಾಗಿಲು. ಬಾಗಿಲ ಆಚೆ ನಿಂತು ಮಾತಾಡುತ್ತಾಳೆ, ಮುಖ ತೋರಿಸೋಕೆ ಧೈರ್ಯ ಇಲ್ಲ ಅಂತ ತೀರ್ಮಾನಿಸಿಕೊಂಡರು. ಒಮ್ಮೊಮ್ಮೆ ಆ ದನಿಯ ಜೊತೆ ತಮ್ಮನ ದನಿಯೂ ಸೇರುತ್ತಿತ್ತು. ಅಕ್ಕ ತಮ್ಮ ಮರೆಯಲ್ಲಿ ನಿಂತು ಅದೇನು ಗುಸುಗುಸು?

ಈಗ ಮಾಸ್ತರರ ಕಡೆಯಿಂದಲೂ ಸ್ವಲ್ಪ ನೋಡಬೇಕು. ಅವರಿಗೆ ಬೇಕಾದದ್ದು ಒಂದೇ. ಆ ಹದಿನಾರು ಅಡಿ ಮೇಜಿನ ಮುಂದೆ ಮತ್ತೆ ನಿಲ್ಲಬೇಕು, ಮೆಷಿನ್ನಿನ ಹಿಡಿ ಮತ್ತೆ ಕೈಗೆ ಬರಬೇಕು. ಇಷ್ಟು ವರ್ಷ ಬೇರೆ ಏನನ್ನೂ ಮಾಡದ ಮನುಷ್ಯ. ಆದರೆ ಹೆಂಡತಿ ಪಟ್ಟು ಹಿಡಿದಳು: ಡಾಕ್ಟರು "ಮೆಷಿನ್ ನಡೆಸಬಹುದು" ಅಂತ ಕಾಗದ ಬರೆದುಕೊಡುವ ತನಕ ಜಪ್ಪಯ್ಯ ಅಂದರೂ ಇಲ್ಲ. ಮೆಷಿನ್ನಿನ ಸ್ವಿಚ್ಚಿನ ಡಬ್ಬಕ್ಕೆ ಬೀಗ ಬಿತ್ತು. ಬೀಗದ ಕೈ ಯಾರ ಹತ್ತಿರ? ಭಾವಮೈದನ ಹತ್ತಿರ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಮಾಸ್ತರರು ಲೆಕ್ಕ ಹಾಕಿ ಮುಗಿಸಿಬಿಟ್ಟರು. ನನ್ನನ್ನು ಕೈಲಾಗದವನು ಅಂತ ಮಾಡಿ ಕೂರಿಸಿ, ಕಾರ್ಖಾನೆಯನ್ನು ಅವನ ಹೆಸರಿಗೆ ಮಾಡಿಕೊಳ್ಳೋದು ಇವರಿಬ್ಬರ ಉಪಾಯ.

ಹೊರಗಿನವರು ಇದನ್ನು ಕಾಯಿಲೆ ಅಂದುಕೊಳ್ಳಲೇ ಇಲ್ಲ. ಮಾಸ್ತರರು ಅನುಮಾನ ಪಟ್ಟರು ಅಂದರೆ ಸೂರ್ಯ ಹುಟ್ಟಿದ ಅಂದ ಹಾಗೆ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಒಂದು ದಿನ ಅರ್ಧ ಮುಖ ಮಾತ್ರ ಬೋಳಿಸಿಕೊಂಡು ಕಾರ್ಖಾನೆಗೆ ಬಂದರು. ಹೊಲಿಯೋ ಹೆಂಗಸರು ಮುಸಿಮುಸಿ ನಕ್ಕರು. ಭಾವಮೈದ ನನ್ನ ಮೇಲೆ ಏನೋ ಹೇಳಿ ನಗಿಸಿದ್ದಾನೆ ಅಂತ ಮಾಸ್ತರರಿಗೆ ಪಿತ್ತ ನೆತ್ತಿಗೇರಿತು.

ಆಸ್ಪತ್ರೆಯಲ್ಲಿ ಕಾಗದದ ಪರೀಕ್ಷೆಗಳು. ಮಾಡಿಸುವವಳು ಒಬ್ಬ ಚಿಕ್ಕ ವಯಸ್ಸಿನ ಥೆರಪಿಸ್ಟು, ಬೆಳ್ಳಗಿನ ಕೋಟು, ಮೆತ್ತಗಿನ ಮಾತು. ಮೆತ್ತಗೆ ಮಾತಾಡೋರನ್ನು ಕಂಡರೆ ಮಾಸ್ತರರಿಗೆ ಮೊದಲೇ ಆಗಿಬರೋದಿಲ್ಲ. ಒಂದು ಹಾಳೆ ತುಂಬ ಸಣ್ಣ ಸಣ್ಣ ಗೆರೆಗಳು, ಪ್ರತಿಯೊಂದನ್ನೂ ಪೆನ್ಸಿಲಿನಲ್ಲಿ ಅಡ್ಡ ಹೊಡೆಯಬೇಕು. ಮಾಸ್ತರರು ಟಕಟಕ ಹೊಡೆದು ಹಾಳೆ ತಳ್ಳಿದರು. ಆಕೆ "ಇನ್ನೂ ಹದಿನೆಂಟು ಉಳಿದಿವೆ ಸರ್" ಅಂದಳು. ಹಾಳೆಯನ್ನು ತಲೆಕೆಳಗು ಮಾಡಿ ತೋರಿಸಿದಳು. ಹೌದು, ಹದಿನೆಂಟು ಗೆರೆ! ಮಾಸ್ತರರ ಹುಬ್ಬು ಮೇಲೇರಿತು. ನಾನು ಪೆನ್ಸಿಲ್ ಕೆಳಗಿಟ್ಟ ಮೇಲೆ ಇವಳು ಸೇರಿಸಿದ್ದಾಳೆ! ಇನ್ನೆಲ್ಲಿಂದ ಬರುತ್ತವೆ?

ಮುಂದಿನ ಸಲ ಅವರು ತಯಾರಾಗಿ ಹೋದರು. ಹಾಳೆಯನ್ನು ಆಕೆಯ ಕೈಗೆ ಸಿಗದಂತೆ ಗಟ್ಟಿಯಾಗಿ ಹಿಡಿದು, ಯಾವ ಅಂಚಿಗೂ ಕೈ ಹಾಕಬಾರದು ಅಂತ ಹಾಳೆಯನ್ನು ಸುತ್ತ ತಿರುಗಿಸುತ್ತಾ ತಿರುಗಿಸುತ್ತಾ ಗೆರೆ ಹೊಡೆದರು. ಹಾಳೆ ತಿರುಗಿದ ಹಾಗೆಲ್ಲ ಎಡಗಡೆ ಇದ್ದದ್ದು ಬಲಕ್ಕೆ ಬಂತು, ಒಂದೂ ಉಳಿಯಲಿಲ್ಲ. ಗಡಿಯಾರ ಬರೆಯಿರಿ ಅಂದರೆ ವೃತ್ತವನ್ನು ಮನಸ್ಸಿನಲ್ಲೇ ಮಡಿಸಿ, ಒಂದರ ಎದುರಿಗೆ ಹನ್ನೊಂದು, ಎರಡರ ಎದುರಿಗೆ ಹತ್ತು ಅಂತ ಹಾಳೆ ತಿರುಗಿಸಿಕೊಂಡು ಬರೆದರು. ಅನುಮಾನದಿಂದ ಪರೀಕ್ಷೆ ಪಾಸಾದ ಮೊದಲ ಮನುಷ್ಯ ಇವರೇ ಇರಬೇಕು.

ಜೊತೆಗೆ ಇನ್ನೊಂದು ಸಾಕ್ಷಿಯನ್ನೂ ಚೀಲದಲ್ಲಿ ತಂದಿದ್ದರು. ಮನೆಯಲ್ಲೇ ಕೈಕತ್ತರಿಯಿಂದ ಕತ್ತರಿಸಿದ ಅಂಗಿಯ ಬೆನ್ನಿನ ಭಾಗ. ಡಾಕ್ಟರ ಮೇಜಿನ ಮೇಲೆ ಹರಡಿದರು. "ನೋಡಿ ಸ್ವಾಮಿ, ಎಡ ಭುಜ, ಬಲ ಭುಜ. ಒಂದು ನೂಲಿನಷ್ಟು ವ್ಯತ್ಯಾಸ ಇದ್ರೆ ಹೇಳಿ. ಎಡಗಡೆ ಕಾಣದವನು ಹೀಗೆ ಕತ್ತರಿಸ್ತಾನಾ?" ಡಾಕ್ಟರು ಎರಡೂ ಭುಜವನ್ನು ಬೆರಳಿನಿಂದ ಅಳೆದು ನೋಡಿದರು. ಕಟಿಂಗ್ ಮಾಸ್ತರರು ಯಾವತ್ತೂ ಬಟ್ಟೆಯನ್ನು ನಡುವೆ ಮಡಿಸಿ ಅರ್ಧವನ್ನು ಮಾತ್ರ ಕತ್ತರಿಸುತ್ತಾರೆ, ಬಿಚ್ಚಿದರೆ ಇನ್ನರ್ಧ ತಾನಾಗೇ ಬರುತ್ತದೆ ಅನ್ನೋದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ವಿಚಿತ್ರ ಅಂದರೆ ಮಾಸ್ತರರಿಗೂ ಅದು ಹೊಳೆಯಲಿಲ್ಲ. ಅವರು ಮೋಸ ಮಾಡಿದ್ದಲ್ಲ, ನಿಜವಾಗಿ ನಂಬಿದ್ದರು. ಡಾಕ್ಟರು "ಸೋಮವಾರ ಕಾಗದ ಕೊಡ್ತೀನಿ" ಅಂದರು.

ಸೋಮವಾರದ ತನಕ ಕಾಯೋ ಜನವಲ್ಲ. ಶನಿವಾರ ಬೆಳಗ್ಗೆಯೇ ಕಾರ್ಖಾನೆಗೆ ಹೋಗಿ "ಬೀಗ ತೆಗಿಯೋ, ಡಾಕ್ಟ್ರು ಒಪ್ಪಿಯಾಯ್ತು" ಅಂತ ಭಾವಮೈದನ ಮೇಲೆ ಹಾರಾಡಿದರು. ಅವನು "ಕಾಗದ ಬರಲಿ ಭಾವ, ಇನ್ನೆರಡು ದಿನ" ಅಂತ ಗೋಗರೆದ. "ಇದು ನನ್ನ ಮೆಷಿನ್ನು ಕಣೋ!" ಅಂತ ಕೂಗಿದಾಗ ಆರೂ ಹೊಲಿಗೆ ಮೆಷಿನ್ನು ನಿಂತವು. ಅವನು ಬೀಗ ತೆಗೆದ. ನಲವತ್ತು ಪದರ ನೀಲಿ ಬಟ್ಟೆ. ಮಾಸ್ತರರು ಹಿಡಿ ಹಿಡಿದು ಗೆರೆಯ ಮೇಲೆ ಅಲಗು ನಡೆಸಿದರು. ಮೂರು ತಿಂಗಳ ಮೇಲೆ ಆ ಗುಂಯ್ ಅನ್ನೋ ಸದ್ದು ಕೇಳಿ ಅವರಿಗೆ ಕಣ್ಣು ತುಂಬಿ ಬಂತು.

ಎರಡಡಿ ಹೋಗಿರಲಿಲ್ಲ, "ಅಮ್ಮಾ" ಅಂತ ಯಾರೋ ಚೀರಿದರು, ಮೆಷಿನ್ನು ಸತ್ತುಹೋಯಿತು. ಬಲಕ್ಕೆ ತಿರುಗಿದರೆ ಗುಂಡಿಗೆ ಕಾಜ ಹಾಕುವ ಹೆಂಗಸು ಗೋಡೆಯಿಂದ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಾಳೆ, ಉಳಿದವರು ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆ. ಮೆಟ್ಟಿಲ ಮೇಲೆ ದಡಬಡ ಓಡಿದ ಸದ್ದು. ಒಬ್ಬರೂ ಒಂದು ಮಾತಾಡಲಿಲ್ಲ. ಮಾಸ್ತರರು ಕೇಳಿದರು, ಬೈದರು, ಕೊನೆಗೆ ಒಬ್ಬರೇ ಮೆಟ್ಟಿಲಿಳಿದು ಮನೆಗೆ ಬಂದರು. ಆರು ಜನರ ಎದುರಿಗೆ ನನ್ನ ಕೈಯಿಂದ ಮೆಷಿನ್ ಕಿತ್ತುಕೊಂಡರಲ್ಲ ಅನ್ನೋದೊಂದೇ ತಲೆಯಲ್ಲಿ. ಮಾರನೆಯ ದಿನ ಸುದ್ದಿ ಬಂತು, ಮಾಸ್ತರರು ಕತ್ತರಿಸಿದ ಬಟ್ಟೆಯನ್ನೆಲ್ಲ ಎಸೆದು ಹೊಸದು ಹಾಸಿದ್ದಾರಂತೆ.

ಸೋಮವಾರ ಕಾಗದ ಬರಲಿಲ್ಲ. ಭಾನುವಾರವೇ ಹೆಂಡತಿ ಡಾಕ್ಟರ ಮನೆ ಹುಡುಕಿಕೊಂಡು ಹೋಗಿದ್ದಳು ಅಂತ ಪಕ್ಕದ ಮನೆಯವರಿಂದ ಗೊತ್ತಾಯಿತು. ಈ ಅನುಮಾನ ಮಾತ್ರ ನೂರಕ್ಕೆ ನೂರು ನಿಜ, ಮಾಸ್ತರರ ಬೆನ್ನ ಹಿಂದೆ ಆಕೆ ಹೋಗಿ ಹೇಳಿ ಬಂದಿದ್ದಳು. "ಇನ್ನೊಂದು ಪರೀಕ್ಷೆ ಆಗ್ಬೇಕಂತೆ ರೀ" ಅಂತ ಎಲ್ಲಿಂದಲೋ ಆಕೆಯ ದನಿ ಬಂತು. ಮಾಸ್ತರರು ಗೋಡೆಗೆ ಹೇಳಿದರು, "ಆಗಲಿ, ಅದನ್ನೂ ನೋಡೇಬಿಡ್ತೀನಿ."

ಅದಾದ ಹತ್ತನೆಯ ದಿನ ಪರೀಕ್ಷೆ. ಭಾವಮೈದನೂ ಜೊತೆಗೆ ಬಂದ. ಕಾರಿಳಿದು ಆಸ್ಪತ್ರೆಯ ಬಾಗಿಲು ತೆಗೆದು ನಿಂತಾಗ ಮಾಸ್ತರರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈ ಪ್ಯಾಂಟಿನ ಜೇಬಿನೊಳಗೆ. ಲಿಫ್ಟಿನಲ್ಲೂ ಹಾಗೇ. ಹತ್ತು ದಿನದಿಂದ ಆ ಕೈ ಜೇಬು ಬಿಟ್ಟು ಹೊರಗೆ ಬಂದದ್ದನ್ನು ಮಾಸ್ತರರು ಕಂಡಿಲ್ಲ. ಏನಿದೆ ಅದರಲ್ಲಿ? ಕಾರ್ಖಾನೆಯ ಕಾಗದಪತ್ರ. ಇನ್ನೇನಿರುತ್ತೆ? ಪರೀಕ್ಷೆಯಲ್ಲಿ ನಾನು ಫೇಲು ಅಂದ ತಕ್ಷಣ ತೆಗೆದು ಸಹಿ ಹಾಕಿಸಿಕೊಳ್ಳೋಕೆ.

"ನೀನು ಹೊರಗಿರು" ಅಂದರು ಮಾಸ್ತರರು.

"ಆಯ್ತು ಭಾವ" ಅಂದು ಅವನು ಬೆಂಚಿನ ಮೇಲೆ ಕೂತ.

ಒಳಗೆ ಅದೇ ಮೆತ್ತಗಿನ ಥೆರಪಿಸ್ಟು. ಈ ಸಲ ಹಾಳೆ ಇಲ್ಲ, ಪೆನ್ಸಿಲ್ ಇಲ್ಲ. ಕೋಣೆಯ ನಡುವೆ ತಿರುಗೋ ಕುರ್ಚಿ, ಆಕೆಯ ಕೈಯಲ್ಲಿ ಕಣ್ಣಿಗೆ ಕಟ್ಟುವ ಒಂದು ಕಪ್ಪು ಡಬ್ಬ. "ಇದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ ಸರ್. ಇದನ್ನ ಹಾಕ್ಕೊಂಡ್ರೆ ನೀವು ಒಂದು ಬೀದಿಯಲ್ಲಿ ಇರ್ತೀರಿ. ತಲೆ ಎತ್ತ ತಿರುಗಿಸಿದ್ರೂ ಬೀದಿನೇ ಕಾಣುತ್ತೆ. ಬೀದಿ ತಾನಾಗೇ ಸರಿಯುತ್ತೆ, ನೀವು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳ್ತಾ ಹೋದ್ರೆ ಸಾಕು."

"ಟೋಪಿ ಹಾಕೋದನ್ನ ಇಷ್ಟು ಬಹಿರಂಗವಾಗಿ ಮಾಡ್ತಾರೆ ಅಂತ ಗೊತ್ತಿರಲಿಲ್ಲ" ಅಂದರು ಮಾಸ್ತರರು. "ಹಳೇ ಪರೀಕ್ಷೆ ಪಾಸ್ ಮಾಡಿದ್ನಲ್ಲಮ್ಮ, ಅದೇನಾಯ್ತು?"

"ಹಾಳೆ ಆದ್ರೆ ನೀವು ತಿರುಗಿಸ್ಕೊಂಡು ಬಿಡ್ತೀರಿ ಸರ್. ಬೀದಿನ ತಿರುಗಿಸೋಕಾಗಲ್ವಲ್ಲ."

ಮಾಸ್ತರರು ಡಬ್ಬವನ್ನು ಕೈಗೆ ತೆಗೆದುಕೊಂಡು ಒಳಗೆ, ಹೊರಗೆ, ಪಟ್ಟಿಯ ಹೊಲಿಗೆ ಎಲ್ಲ ಪರೀಕ್ಷಿಸಿದರು. ಹೊಲಿಗೆ ಪರವಾಗಿಲ್ಲ ಅನ್ನಿಸಿತು. ಹಾಕಿಸಿಕೊಂಡರು.

ಅರೆ! ಬೀದಿಯೇ. ಮೇಲೆ ಆಕಾಶ, ಕೆಳಗೆ ಕಲ್ಲು ಹಾಸಿದ ದಾರಿ. ಬೀದಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. "ಔಷಧಿ ಅಂಗಡಿ. ಗಡಿಯಾರ ರಿಪೇರಿ ಮಾಡೋನು. ಬೆಂಚು, ಅದರ ಮೇಲೆ ಪೇಪರ್ ಓದೋ ಮುದುಕ. ಸೈಕಲ್ಲು. ಬೀದಿ ಮಧ್ಯದಲ್ಲಿ ಒಂದು ನೀರಿನ ಕೊಳಾಯಿ, ಮೇಲೆ ಕೆಂಪು ಕೊಡ ಇಟ್ಟಿದ್ದಾರೆ. ಹಣ್ಣಿನ ಗಾಡಿ..." ಹೀಗೆ ಕೊನೆ ತನಕ ಹೇಳಿದರು. ಹದಿಮೂರಾಯಿತು.

"ಇಪ್ಪತ್ತೈದು ಇದ್ವು ಸರ್" ಅಂದಳು ಥೆರಪಿಸ್ಟು.

"ಉಳಿದ ಹನ್ನೆರಡು ಎಲ್ಲಿ, ನಿನ್ನ ಕೋಟಿನ ಜೇಬಲ್ಲಾ?" ಮಾಸ್ತರರಿಗೆ ರೇಗಿಹೋಯಿತು. "ನಾನು ಏನೇನು ಹೇಳಿದ್ನೋ ಅಷ್ಟೇ ಇದ್ದದ್ದು. ಮೆಷಿನ್ ನಿಮ್ಮದು, ಬೀದಿ ನಿಮ್ಮದು, ಎಣಿಕೆನೂ ನಿಮ್ಮದೇ. ಕಿವಿ ಮೇಲೆ ಹೂವಿಡೋಕೆ ನಾನೇ ಸಿಕ್ಕಿದ್ನಾ?"

ಆಕೆ ವಾದ ಮಾಡಲಿಲ್ಲ. "ಆಯ್ತು. ಈಗ ಆ ತುದಿಯಿಂದ ಈ ತುದಿಗೆ ವಾಪಸ್ ಬನ್ನಿ. ಅದೇ ಬೀದಿ. ಕಂಡದ್ದನ್ನ ಹೇಳಿ."

ಮಾಸ್ತರರು ಹಲ್ಲು ಕಚ್ಚಿಕೊಂಡು ಹೊರಟರು. "ಪಾತ್ರೆ ಅಂಗಡಿ. ಕೊಡೆ ಹಿಡಿದ ಹೆಂಗಸು. ನಾಯಿ, ಬಾಲ ಮೊಂಡು. ಕೊಳಾಯಿ, ಕೆಂಪು ಕೊಡ. ಟೈಲರ್ ಅಂಗಡಿ..." ಅಂದು ನಿಲ್ಲಿಸಿದರು. ಗಾಜಿನ ಹಿಂದೆ ಬೊಂಬೆಗೆ ತೊಡಿಸಿದ ಬಿಳಿ ಅಂಗಿ. "ಕಾಲರ್ ನೋಡು, ನಾಯಿ ನೆಕ್ಕಿದ ಹಾಗಿದೆ. ಗಟ್ಟಿಯಾಗಿ ನಿಲ್ಲೋಕೆ ಒಳಗೆ ಕ್ಯಾನ್ವಾಸೇ ಕೊಟ್ಟಿಲ್ಲ" ಅಂತ ಗೊಣಗಿಕೊಂಡು ಮುಂದೆ ಹೋದರು. ಮುಗಿದ ಮೇಲೆ ಗೆದ್ದವರ ಹಾಗೆ ಹೇಳಿದರು, "ಸಿಕ್ಕಿಬಿದ್ಯಲ್ಲಮ್ಮ! ಇದು ಬೇರೆ ಬೀದಿ. ಇದರಲ್ಲಿ ಟೈಲರ್ ಅಂಗಡಿ ಇದೆ. ಮೊದಲಿನದರಲ್ಲಿ ಇರಲಿಲ್ಲ. ಯಾವ ಊರಿನ ಯಾವ ಬೀದಿಗೆ ಬೇಕಾದ್ರೂ ಕರ್ಕೊಂಡು ಹೋಗು, ನಂಗೆ ಮೊದಲು ಕಾಣೋದೇ ಟೈಲರ್ ಅಂಗಡಿ. ಅದನ್ನ ನಾನು ನೋಡದೆ ಬಿಟ್ಟೆ ಅಂದ್ರೆ ನನ್ನ ಹೆಂಡತಿನೂ ನಂಬಲ್ಲ."

"ಅದೇ ಬೀದಿ ಸರ್. ಹೋಗುವಾಗ ಅದು ನಿಮ್ಮ ಎಡಕ್ಕಿತ್ತು, ಬರುವಾಗ ಬಲಕ್ಕೆ ಬಂತು."

"ನಾನು ನಂಬಲ್ಲ."

"ನನ್ನ ನಂಬಬೇಡಿ" ಅಂದಳು ಆಕೆ. "ಅದೇ ಬೀದಿ ಅಂತ ನಿಮಗೆ ಖಾತ್ರಿಯಾಗೋಕೆ ಏನು ಮಾಡಬೇಕು, ನೀವೇ ಹೇಳಿ. ಹಾಗೇ ಮಾಡ್ತೀನಿ."

ಈ ಮಾತನ್ನು ಮಾಸ್ತರರು ನಿರೀಕ್ಷಿಸಿರಲಿಲ್ಲ. ಮೋಸ ಮಾಡೋರು ಯಾರೂ ತಕ್ಕಡಿಯನ್ನು ಗಿರಾಕಿಯ ಕೈಗೆ ಕೊಡೋದಿಲ್ಲ. ಡಬ್ಬದೊಳಗೇ ಕಣ್ಣು ಮುಚ್ಚಿ ಯೋಚನೆ ಮಾಡಿದರು. ಎರಡು ತುಂಡು ಬಟ್ಟೆ ಒಂದಕ್ಕೊಂದು ಸೇರಿದ್ದೋ ಅಲ್ಲವೋ ಅಂತ ಮಾಸ್ತರರು ಹೇಗೆ ಪತ್ತೆ ಮಾಡುತ್ತಾರೆ? ಕತ್ತರಿಸುವಾಗಲೇ ಎರಡರ ಅಂಚಿನಲ್ಲೂ ಒಂದೇ ಕಡೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಹಾಕಿರುತ್ತಾರೆ. ಹೊಲಿಯುವಾಗ ಕಚ್ಚಿಗೆ ಕಚ್ಚು ಕೂಡಿದರೆ ಸರಿ, ಕೂಡದಿದ್ದರೆ ಅದು ಬೇರೆ ಅಂಗಿಯ ತುಂಡು. ಈ ಎರಡು ಬೀದಿಗೂ ಕಚ್ಚು ಯಾವುದು? ಎರಡು ಸಲವೂ ಕಂಡದ್ದು ಒಂದೇ: ಮಧ್ಯದ ಕೊಳಾಯಿ, ಕೆಂಪು ಕೊಡ.

"ಮೊದಲಿನ ದಾರಿಯಲ್ಲೇ ಕರ್ಕೊಂಡು ಹೋಗು. ಕೊಳಾಯಿ ಹತ್ರ ನಿಲ್ಲಿಸು. ನಿಲ್ಲಿಸಿದ ಮೇಲೆ ನೀನು ಏನನ್ನೂ ಮುಟ್ಟಬಾರದು."

ಔಷಧಿ ಅಂಗಡಿ, ಗಡಿಯಾರದವನು, ಬೆಂಚು, ಮುದುಕ, ಸೈಕಲ್ಲು. ಕೊಳಾಯಿ. ಬೀದಿ ನಿಂತಿತು.

"ಕೈ ಮೇಲೆತ್ತಿದೀನಿ ಸರ್, ಏನೂ ಮುಟ್ತಿಲ್ಲ. ಈಗ ಎಡಕ್ಕೆ ತಿರುಗಿ."

ತಿರುಗಿದೆ ಅಂದುಕೊಂಡರು. "ಏನಿಲ್ಲ."

"ಇನ್ನೂ."

"ಇಷ್ಟೇ ಇರೋದು."

"ಇನ್ನೂ ಇದೆ ಸರ್. ಕುರ್ಚಿನೇ ತಿರುಗ್ಲಿ. ಎಡಗಾಲು ಊರಿ, ಅದರ ಕಡೆಗೇ ತಿರುಗಿ. ಇನ್ನೂ."

ಕುರ್ಚಿ ಕಿರ್‌ ಅಂದಿತು. ಏನೂ ಇಲ್ಲದ ಕಡೆಯಿಂದ, ಇಷ್ಟೇ ಇರೋದು ಅಂತ ಅವರು ಈಗಷ್ಟೇ ಆಣೆ ಇಟ್ಟು ಹೇಳಬಹುದಾಗಿದ್ದ ಕಡೆಯಿಂದ, ಮೊದಲು ಒಂದು ಗಾಜಿನ ಅಂಚು ಬಂತು. ಆಮೇಲೆ ಬಿಳಿ ತೋಳು. ಆಮೇಲೆ ಇಡೀ ಅಂಗಿ, ಆ ನೆಕ್ಕಿದ ಕಾಲರ್ ಸಮೇತ.

ಮಾಸ್ತರರು ಬಲಕ್ಕೆ ತಿರುಗಿದರು, ಗಡಿಯಾರದವನು. ಮತ್ತೆ ಎಡಕ್ಕೆ, ಇನ್ನೂ, ಇನ್ನೂ, ಟೈಲರ್ ಅಂಗಡಿ. ನಡುವೆ ಕೊಳಾಯಿ ಹಾಗೇ ಇತ್ತು. ಕಚ್ಚಿಗೆ ಕಚ್ಚು ಕೂಡಿತು.

ನಾನು ಡಾಕ್ಟರಿಗೆ ತೋರಿಸಿದ ಬೆನ್ನಿನ ಭಾಗವನ್ನೂ ಮಡಿಸಿಯೇ ಕತ್ತರಿಸಿದ್ದೆನಲ್ಲ ಅನ್ನೋದು ಅವರಿಗೆ ಆಗ ಹೊಳೆಯಿತು. ಅರ್ಧ ಮಾತ್ರ ಕತ್ತರಿಸಿ ಪೂರ್ತಿ ನನ್ನದು ಅಂದಿದ್ದೆ. ಮೊಟ್ಟೆ ತಟ್ಟೆಯಲ್ಲೇ ಇತ್ತು. ಹದಿನೆಂಟು ಗೆರೆ ಹಾಳೆಯಲ್ಲೇ ಇದ್ದವು. ಅವರಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನವೂ ಇಷ್ಟು ಹೆದರಿರಲಿಲ್ಲ.

ಡಬ್ಬ ತೆಗೆಸಿಕೊಂಡರು. ಕಲಿತದ್ದನ್ನು ಮರೆಯುವ ಮೊದಲೇ ಕುರ್ಚಿಯನ್ನು ಎಡಕ್ಕೆ ತಿರುಗಿಸಿದರು, ಇನ್ನೂ ತಿರುಗಿಸಿದರು. ಅಲ್ಲಿ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಅವರ ಮಾತ್ರೆಯ ಚೀಲ.

"ನೀನು ಯಾವಾಗ ಬಂದೆ?"

"ನಿಮ್ಮ ಜೊತೇನೇ ಬಂದೆ ರೀ."

"ಮನೆಯಲ್ಲಿ?"

"ಮನೆಯಲ್ಲೂ ಈ ಕಡೆನೇ ಕೂತಿರ್ತೀನಿ. ಮೂರು ತಿಂಗಳಾಯ್ತು. ನೀವು ಗೋಡೆ ಹತ್ರ ಮಾತಾಡ್ತೀರಿ" ಅಂದಳು. ನಗೋಕೆ ಹೋದಳು, ಆಗಲಿಲ್ಲ.

ಮಾಸ್ತರರು ಆಕೆಯ ಮುಖವನ್ನೇ ನೋಡಿದರು. ಮೂರು ತಿಂಗಳಲ್ಲಿ ಸೊರಗಿ ಅರ್ಧವಾಗಿದ್ದಳು. ಆಗ ಇನ್ನೊಂದು ನೆನಪಾಯಿತು. ಬಟ್ಟೆ ಹಿಡಿಯೋನು ಎಡಗಡೆ ನಿಲ್ಲಬೇಕು. ಅದು ಅವರೇ ಮಾಡಿದ ಕಾನೂನು. ಶನಿವಾರ ಅವರು ಮೆಷಿನ್ ನಡೆಸಿದಾಗ ಬಟ್ಟೆ ಜಾರಲಿಲ್ಲ, ಅಂದರೆ ಯಾರೋ ಹಿಡಿದಿದ್ದರು. "ಅಮ್ಮಾ" ಅಂತ ಚೀರಿದ್ದು ಹೆಂಗಸರಲ್ಲ.

"ಕರಿ ಅವನನ್ನ" ಅಂದರು.

ಹೆಂಡತಿ ಏಳಲಿಲ್ಲ. "ಬೇಡ ರೀ. ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದಾನೆ. ಡಾಕ್ಟರಿಗೆ ಮಾತ್ರ ನಾನು ಹೇಳಿದ್ದು. ಇನ್ನೊಬ್ಬರ ಕೈ ಹೋಗಬಾರದು ಅಂತ."

"ಕರಿಯೇ!"

ಭಾವಮೈದ ಬಂದು ರೂಢಿಯಂತೆ ಅವರ ಎಡಕ್ಕೇ ನಿಂತ. ಮಾಸ್ತರರು ತಿರುಗಿದರು. ಮೊದಲು ಬೆಲ್ಟು ಕಂಡಿತು, ಆಮೇಲೆ ಜೇಬು.

"ಕೈ ತೆಗಿಯೋ ಹೊರಗೆ."

"ಏನಿಲ್ಲ ಭಾವ..."

"ತೆಗಿ ಅಂದೆ."

ತೆಗೆದ. ಉಂಗುರದ ಬೆರಳು ಮೇಲಿನ ಗೆಣ್ಣಿನ ತನಕ ಇರಲಿಲ್ಲ. ಪಕ್ಕದ ಬೆರಳಿನ ಬದಿ ಸೀಳಿ, ಕಪ್ಪು ದಾರದಲ್ಲಿ ಅಂಗೈವರೆಗೂ ಹೊಲಿದಿದ್ದರು. ಬಾತುಕೊಂಡು ಕೆಂಪಗಿತ್ತು. ಅಲಗು ಹೋದದ್ದು ಹೇಗೆ, ಎಷ್ಟು ಓರೆಯಾಗಿ, ಎಲ್ಲಿ ನಿಂತಿತು ಅನ್ನೋದನ್ನು ಮಾಸ್ತರರ ಕಣ್ಣು ತಾನಾಗೇ ಓದಿಕೊಂಡಿತು.

"ಕೂಗಬಾರದೇನೋ" ಅಂದರು.

"ಕೂಗಿದೆ ಭಾವ. ನೀವು ಆ ಕಡೆ ನೋಡಿದ್ರಿ."

ಮಾಸ್ತರರ ಕಣ್ಣಲ್ಲಿ ನೀರು ಧಾರಾಕಾರ. ಒರೆಸಿಕೊಳ್ಳಲೂ ಇಲ್ಲ. ಆ ಕೈಯನ್ನು ತಮ್ಮ ಎರಡೂ ಅಂಗೈ ಮೇಲಿಟ್ಟುಕೊಂಡು "ಯಾವೋನೋ ಇದನ್ನ ಹೊಲಿದಿದ್ದು? ಟಾಕಾ ಒಂದು ಹತ್ರ ಒಂದು ದೂರ. ನನ್ನ ಅಂಗಡಿಯಲ್ಲಾಗಿದ್ರೆ ಬಿಚ್ಚಿಸಿ ಮತ್ತೆ ಹೊಲಿಸ್ತಿದ್ದೆ" ಅಂತ ಬೈದರು. ಬೈಯುತ್ತಲೇ ಅತ್ತರು. ಥೆರಪಿಸ್ಟು ಮೆಲ್ಲಗೆ ಕಿಟಕಿಯ ಕಡೆ ಹೋಗಿ ನಿಂತಳು.

ಸ್ವಲ್ಪ ಹೊತ್ತಾದ ಮೇಲೆ ಮಾಸ್ತರರು ಆಕೆಯನ್ನು ಕರೆದರು. "ಡಾಕ್ಟರಿಗೆ ಹೇಳಮ್ಮ, ಆ ಕಾಗದ ಬೇಡ. ಬೀಗದ ಕೈ ಇವನ ಹತ್ರಾನೇ ಇರುತ್ತೆ. ಆ ಬೀದಿಗೆ ಮಾತ್ರ ನನ್ನ ದಿನಾ ಕಳಿಸು. ಆ ಟೈಲರ್ ಅಂಗಡಿ ನಾನಾಗೇ ಕಾಣೋ ತನಕ ಬಿಡಬೇಡ."

"ಕಳಿಸ್ತೀನಿ ಸರ್. ನಾಳೆ ಹತ್ತು ಗಂಟೆಗೆ ಬನ್ನಿ."

ಅವರು ಇನ್ನೂ ಆ ಕೈ ಬಿಟ್ಟಿರಲಿಲ್ಲ. ತಲೆ ಬಗ್ಗಿಸಿ ಟಾಕಾ ಎಣಿಸುತ್ತಿದ್ದರು, ಬಿಡದ ಚಾಳಿ. "ಐದು" ಅಂದರು.

"ಒಂಬತ್ತು ಭಾವ" ಅಂದ ಅವನು.

ಮಾಸ್ತರರು ಮತ್ತೆ ಎಣಿಸಲಿಲ್ಲ.

"ಒಂ‌ಬತ್ತು ಅಂದ್ರೆ ಒಂಬತ್ತೇ ಕಣೋ" ಅಂದರು. "ಮೊದಲು ಏನಾದ್ರೂ ತಿಂದು ಬರೋಣ ನಡಿ."

ಮೂವರೂ ಹೊರಟರು. ಬಾಗಿಲು ದಾಟುವಾಗ ಹೆಂಡತಿ ಅವರ ಎಡ ಭುಜ ಹಿಡಿದುಕೊಂಡಳು, ಚೌಕಟ್ಟು ತಾಗದ ಹಾಗೆ.